ಉಣ್ಣಲೊಲ್ಲದ ಮಗು



ಅಡಿಗೆ ಆಗಿದೆ, ತಟ್ಟೆಯಲ್ಲಿ ಮೆತ್ತಗೆ ಕಲಸಿದ ಅನ್ನವಿದೆ, ತಾಯಿಯು ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಅರ್ಧ ಗಂಟೆಯಾಯಿತು. ಮೊದಲನೆಯ ತುತ್ತು ಹೇಗೋ ಒಳಕ್ಕೆ ಹೋಯಿತು. ಎರಡನೆಯದು ಹೊರಕ್ಕೆ ಬಂದಿತು. ಮೂರನೆಯದಕ್ಕೆ ಬಾಯಿಯೇ ತೆರೆಯಲಿಲ್ಲ. ಆಮೇಲೆ ಕಾಗೆಯೂ ಗುಬ್ಬಿಯೂ ಬಂದುವು, ಚಂದಮಾಮನು ಬಂದನು, ಗುಮ್ಮನೂ ಬಂದನು. ಈಗಿನ ಕಾಲವಾದುದರಿಂದ ಕೊನೆಗೆ ಮೊಬೈಲು ಫೋನೂ ಬಂದಿತು. ಇಷ್ಟಕ್ಕೂ ಬಗ್ಗದಿದ್ದಾಗ ಒಬ್ಬರು ಕೈ ಹಿಡಿದರು, ಇನ್ನೊಬ್ಬರು ಕೆನ್ನೆ ಒತ್ತಿದರು, ತುತ್ತು ಒಳಕ್ಕೆ ಹೋಯಿತು. ಮಗು ಕೆಮ್ಮಿತು, ಕಕ್ಕಿತು, ಅತ್ತಿತು. ಒಳಮನೆಗೆ ಹೋಗಿ ತಾಯಿಯೂ ಅತ್ತಳು.

ಇಂತಹ ದೃಶ್ಯವನ್ನು ಒಂದಲ್ಲ ಒಂದು ದಿನ ಕಾಣದ ಮನೆ ನಮ್ಮ ನಾಡಿನಲ್ಲಿ ವಿರಳ. ಬಹುಮಟ್ಟಿಗೆ ಇದು ನಾಲ್ಕು ದಿನದ ಮಾತು. ಹಲ್ಲು ಬರುವ ಕಾಲ, ನೆಗಡಿ ಜ್ವರಗಳ ಕಾಲ, ನಡೆಯಲು ಕಲಿತ ಸಂಭ್ರಮದ ಕಾಲ, ಇವು ಕಳೆದರೆ ಹಸಿವು ತಾನಾಗಿಯೇ ಮರಳುತ್ತದೆ. ಅದನ್ನು ಕುರಿತು ನಾವು ಈ ಹೊತ್ತು ಹೆಚ್ಚಾಗಿ ಹೇಳುವುದಿಲ್ಲ. ವಾರಗಳು ಕಳೆದರೂ ಊಟಕ್ಕೆ ಮರಳದ, ತಿಂಗಳುಗಳು ಕಳೆದರೂ ತೂಕ ಏರದ, ಊಟದ ಹೊತ್ತೆಂದರೆ ಮನೆಮಂದಿಗೆಲ್ಲ ಎದೆಗುದಿಯಾಗುವ ಮಕ್ಕಳು ಕೆಲವರಿದ್ದಾರೆ. ಅವರ ವಿಷಯವಾಗಿ, ಅವರಿಗೆ ಮನೆಯಲ್ಲಿಯೇ ಮಾಡಬಹುದಾದ ಚಿಕಿತ್ಸೆಯ ವಿಷಯವಾಗಿ, ಕೆಲವು ಮಾತುಗಳನ್ನು ಅರಿಕೆ ಮಾಡುವುದು ನಮ್ಮ ಉದ್ದೇಶ.

ಮೊತ್ತಮೊದಲು ಹೇಳಬೇಕಾದುದು, ನಾವು ಈ ಭಾಷಣಕ್ಕೆ ಇಟ್ಟಿರುವ ಹೆಸರೇ ಅರ್ಧ ತಪ್ಪು ಎಂಬುದು. ನಮ್ಮ ಹಿಂದಿನವರ ಕನ್ನಡದಲ್ಲಿ 'ಒಲ್ಲೆನು' ಎಂಬ ಮಾತೊಂದು, 'ಆರೆನು' ಎಂಬ ಮಾತೊಂದು. ಒಲ್ಲೆನು ಎಂದರೆ ಮನಸ್ಸಿಲ್ಲ. ಆರೆನು ಎಂದರೆ ಶಕ್ತಿಯಿಲ್ಲ. ಮಾತು ಬಾರದ ಮಗು ಎರಡನ್ನೂ ಒಂದೇ ರೀತಿಯಲ್ಲಿ ಹೇಳುತ್ತದೆ: ಬಾಯಿ ಮುಚ್ಚುತ್ತದೆ, ಮುಖ ತಿರುಗಿಸುತ್ತದೆ. ಕೇಳುವ ನಾವು ಮಾತ್ರ ಎಲ್ಲವನ್ನೂ 'ಒಲ್ಲೆನು' ಎಂದೇ ಅರ್ಥ ಮಾಡಿಕೊಳ್ಳುತ್ತೇವೆ. ಹಟಮಾರಿ ಎನ್ನುತ್ತೇವೆ, ಮುದ್ದು ಹೆಚ್ಚಾಯಿತು ಎನ್ನುತ್ತೇವೆ, ತಾಯಿಗೆ ಉಣಿಸಲು ಬಾರದು ಎನ್ನುತ್ತೇವೆ. ಹೀಗೆ ಒಂದು ಮಗುವಿನ ಅಶಕ್ತಿಗೆ ಅದರ ಗುಣವನ್ನೂ, ಅದರ ತಾಯಿಯ ಗುಣವನ್ನೂ ಹೊಣೆಯಾಗಿ ಮಾಡುವುದು ದೊಡ್ಡ ಅನ್ಯಾಯ.

ಉಣ್ಣುವುದು ಹುಟ್ಟಿನಿಂದಲೇ ಬಂದ ವಿದ್ಯೆಯೆಂದು ನಾವು ತಿಳಿದಿರುತ್ತೇವೆ. ಚೀಪುವುದು ಹುಟ್ಟಿನೊಡನೆ ಬರುವುದು ನಿಜ. ಆದರೆ ಅದೂ ಚೀಪು, ನುಂಗು, ಉಸಿರಾಡು ಎಂಬ ಮೂರು ಕೆಲಸಗಳ ತಾಳಮೇಳ. ಗರ್ಭದ ಸುಮಾರು 34ನೆಯ ವಾರದ ಹೊತ್ತಿಗೆ ಈ ಮೇಳ ಕೂಡಿಬರುತ್ತದೆ. ಆದಕಾರಣವೇ ಅದಕ್ಕೆ ಮುಂಚೆ ಹುಟ್ಟಿದ ಕೂಸು ಮೊಲೆಯುಣ್ಣಲು ಕಷ್ಟಪಡುತ್ತದೆ. ಆರು ತಿಂಗಳು ತುಂಬಿದ ಮೇಲೆ ಬರುವ ಅಗಿಯುವಿಕೆಯಂತೂ ಪೂರ್ತಿಯಾಗಿ ಕಲಿತ ವಿದ್ಯೆ. ತುತ್ತನ್ನು ನಾಲಗೆಯಿಂದ ಪಕ್ಕಕ್ಕೆ ತಳ್ಳಬೇಕು, ದವಡೆಯನ್ನು ಸುತ್ತಿಸಿ ಅರೆಯಬೇಕು, ಅರೆದುದನ್ನು ಒಟ್ಟುಗೂಡಿಸಿ ಹಿಂದಕ್ಕೆ ಸಾಗಿಸಬೇಕು, ಆ ಕ್ಷಣದಲ್ಲಿ ಉಸಿರು ನಿಲ್ಲಿಸಿ ಶ್ವಾಸನಾಳದ ಬಾಗಿಲನ್ನು ಮುಚ್ಚಿಕೊಳ್ಳಬೇಕು. 20ಕ್ಕೂ ಮಿಕ್ಕ ಜೊತೆ ಸ್ನಾಯುಗಳು ಇದಕ್ಕಾಗಿ ಸರದಿ ತಪ್ಪದೆ ದುಡಿಯುತ್ತವೆ. ಇದರಲ್ಲಿ ಯಾವುದೊಂದು ತಪ್ಪಿದರೂ ಅನ್ನವು ಅನ್ನನಾಳವನ್ನು ಬಿಟ್ಟು ಉಸಿರಿನ ದಾರಿಯನ್ನು ಹಿಡಿಯುತ್ತದೆ. ಮೆದುಳಿನ ಪಾರ್ಶ್ವವಾಯುವಿನಿಂದ, ಎಂದರೆ ಸೆರೆಬ್ರಲ್ ಪಾಲ್ಸಿಯಿಂದ, ಕೈಕಾಲು ಸ್ವಾಧೀನವಿಲ್ಲದ ಮಗುವಿಗೆ ನಾಲಗೆಯೂ ಸ್ವಾಧೀನವಿರದೆ ಹೋಗಬಹುದು. ಕಾಲು ಏಳದ ಮಗುವನ್ನು ನಾವು ಹಟಮಾರಿ ಎನ್ನುವುದಿಲ್ಲ. ನಾಲಗೆ ಏಳದ ಮಗುವನ್ನು ಮಾತ್ರ ಎನ್ನುತ್ತೇವೆ, ಏಕೆಂದರೆ ನಾಲಗೆ ಕಣ್ಣಿಗೆ ಕಾಣುವುದಿಲ್ಲ.

ವಿದ್ಯೆಯೆಂದ ಮೇಲೆ ಅದಕ್ಕೆ ಕಲಿಯುವ ಕಾಲವೂ ಉಂಟು. ಇಂಗ್ಲೆಂಡಿನ ಬ್ರಿಸ್ಟಲ್ ಸುತ್ತಿನ ಮಕ್ಕಳನ್ನು ಹುಟ್ಟಿನಿಂದ ಅನುಸರಿಸಿ ನಡೆಸಿದ ಒಂದು ಪರಿಶೀಲನೆಯು 2001ರಲ್ಲಿ ಪ್ರಕಟವಾಯಿತು. ಹತ್ತು ತಿಂಗಳು ಕಳೆಯುವವರೆಗೂ ನುಣ್ಣಗೆ ಅರೆದುದನ್ನೇ ಉಂಡು, ಗಂಟುಗಂಟಾದ ಆಹಾರವನ್ನು ತಡವಾಗಿ ಕಂಡ ಮಕ್ಕಳಿಗೆ ಹದಿನೈದು ತಿಂಗಳಲ್ಲಿ ಉಣಿಸುವುದು ಹೆಚ್ಚು ಕಷ್ಟವಾಗಿದ್ದಿತೆಂದು ಅದರಿಂದ ತಿಳಿದುಬಂದಿತು. 'ಪಾಪ, ಗಂಟಲಿಗೆ ಸಿಕ್ಕೀತು' ಎಂದು ಎರಡು ವರುಷದವರೆಗೂ ಮಿಕ್ಸಿಯಲ್ಲಿ ಅರೆದುದನ್ನೇ ಕೊಡುವ ನಮ್ಮ ನಗರಗಳ ಮನೆಗಳು ಇದನ್ನು ನೆನಪಿನಲ್ಲಿಡತಕ್ಕದ್ದು.

ಇನ್ನು, ಮಗು ಉಣ್ಣಲಾರದಿರುವುದಕ್ಕೆ ಕಾರಣಗಳು ಹಲವು. 2019ರಲ್ಲಿ ವೈದ್ಯರೂ ಇತರ ತಜ್ಞರೂ ಕೂಡಿ ಈ ತೊಂದರೆಗೆ ಒಂದು ಲಕ್ಷಣವನ್ನು ನಿರ್ಣಯಿಸಿ, ನಾಲ್ಕು ಮುಖಗಳಿಂದ ಇದನ್ನು ನೋಡಬೇಕೆಂದರು: ದೇಹದ ರೋಗ, ಪೋಷಣೆಯ ಕೊರತೆ, ಉಣ್ಣುವ ಕೌಶಲದ ಕೊರತೆ, ಮನಸ್ಸು ಮತ್ತು ಮನೆಯ ಸನ್ನಿವೇಶ. ಈ ನಾಲ್ಕೂ ಒಂದಕ್ಕೊಂದು ಹೆಣೆದುಕೊಂಡಿರುತ್ತವೆ. ನುಂಗುವಾಗ ಕೆಮ್ಮು ಬಂದ ಮಗು ಊಟಕ್ಕೆ ಹೆದರುತ್ತದೆ. ಹೆದರಿದ ಮಗು ಕಡಮೆ ಉಣ್ಣುತ್ತದೆ. ಕಡಮೆ ಉಂಡ ಮಗು ಸೊರಗುತ್ತದೆ. ಸೊರಗಿದುದನ್ನು ಕಂಡ ಮನೆಯವರು ಬಲಾತ್ಕಾರ ಮಾಡುತ್ತಾರೆ. ಬಲಾತ್ಕಾರದಿಂದ ಕೆಮ್ಮು ಹೆಚ್ಚುತ್ತದೆ. ಈ ಸುತ್ತನ್ನು ಎಲ್ಲಿಯಾದರೊಂದು ಕಡೆ ಕಡಿಯಬೇಕು. ಎಲ್ಲಕ್ಕಿಂತ ಸುಲಭವಾಗಿ ಕಡಿಯಬಹುದಾದ ಸ್ಥಳ ಮನೆಯ ಊಟದ ಹೊತ್ತು ಎಂಬುದೇ ನಮ್ಮ ಭಾಷಣದ ಸಾರ.

ಇದು ಹೇಗೆಂಬುದನ್ನು ತೋರಿಸಲು ನಗರವನ್ನು ಬಿಟ್ಟು ಸ್ವಲ್ಪ ದೂರ ಹೋಗೋಣ. ರಾಯಚೂರಿನಿಂದ ಮಾನ್ವಿಯ ಮೇಲೆ ಸಿಂಧನೂರಿಗೆ ಹೋಗುವ ದಾರಿಯಲ್ಲಿ ಜವಳಗೇರಾ ಎಂಬ ಊರು ಇದೆ. ಈ ಸೀಮೆ ಹಿಂದೆ ನಿಜಾಮರ ರಾಜ್ಯಕ್ಕೆ ಸೇರಿದ್ದಿತು. 1956ರಲ್ಲಿ ಮೈಸೂರು ರಾಜ್ಯದೊಡನೆ ಕೂಡಿತು. ಮಳೆಯನ್ನು ನಂಬಿ ಜೋಳ ಬೆಳೆಯುತ್ತಿದ್ದ ಕರಿಯ ನೆಲಕ್ಕೆ, 1953ರಲ್ಲಿ ಕಟ್ಟಿ ಮುಗಿದ ತುಂಗಭದ್ರಾ ಜಲಾಶಯದ ಎಡದಂಡೆಯ ಕಾಲುವೆ ಬಂದ ಮೇಲೆ ಸಿಂಧನೂರು ಸೀಮೆ ಬತ್ತದ ಕಣಜವಾಯಿತು. ಅಲ್ಲಿಯ ಬಡ ಕುಟುಂಬದ ಮನೆಯೊಂದನ್ನು ನಾವು ಮನಸ್ಸಿನಲ್ಲಿಯೇ ಕಟ್ಟಿಕೊಳ್ಳೋಣ. ಎರಡು ವರುಷದ ಕೂಸು. ಕುತ್ತಿಗೆ ಸರಿಯಾಗಿ ನಿಂತಿಲ್ಲ. ಮೈ ಒಮ್ಮೆ ಬಿಗಿಯುತ್ತದೆ, ಒಮ್ಮೆ ಸಡಿಲವಾಗುತ್ತದೆ. ನಾಟಿಯ ಕಾಲದಲ್ಲಿ ತಾಯಿ ಬೆಳಕು ಹರಿಯುವ ಮುಂಚೆ ಗದ್ದೆಗೆ ಹೋಗುತ್ತಾಳೆ. ಕೂಸಿಗೆ ಉಣಿಸುವವಳು ಅಜ್ಜಿ. ಸಂಜೆ ಸೊಸೆ ಬಂದು, 'ಅತ್ತೀ, ಕೂಸು ಉಂಡಿತೇನ್ರಿ?' ಎಂದು ಕೇಳಿದರೆ, 'ಎಲ್ಲಿ ಉಣ್ತೈತವ್ವಾ, ಬಾಯಾಗ ಹಾಕಿದ್ದೆಲ್ಲ ಹೊರಗ' ಎಂದು ಉತ್ತರ. ದೃಷ್ಟಿ ತೆಗೆದಾಯಿತು, ಹರಕೆ ಹೊತ್ತುದಾಯಿತು, ಯಾರೋ ಹೇಳಿದ ಟಾನಿಕ್ಕು ತಂದುದಾಯಿತು. ಇಂತಹ ಮನೆಗೆ ನಾವು ಏನನ್ನು ಹೇಳಬಲ್ಲೆವು? 'ದೊಡ್ಡ ಆಸ್ಪತ್ರೆಗೆ ವಾರಕ್ಕೊಮ್ಮೆ ಕರೆದುಕೊಂಡು ಹೋಗಿ' ಎಂದರೆ ಒಂದು ದಿನದ ಕೂಲಿ ಹೋಗುತ್ತದೆ, ಬಸ್ಸಿನ ಹಣ ಹೋಗುತ್ತದೆ. ಮೂರನೆಯ ವಾರಕ್ಕೆ ಆ ಪ್ರಯಾಣ ನಿಂತುಹೋಗುತ್ತದೆ.

ಇಲ್ಲಿ ಒಂದು ಸಣ್ಣ ಲೆಕ್ಕವನ್ನು ಮಾಡಿ ನೋಡಬಹುದು. ಕಷ್ಟಪಟ್ಟು ವಾರಕ್ಕೊಮ್ಮೆ ತಪ್ಪದೆ ತಜ್ಞರ ಬಳಿಗೆ ಹೋದರೂ ವರುಷಕ್ಕೆ 52 ಸಲವಾಯಿತು. ಮಗು ದಿನಕ್ಕೆ ಐದು ಸಲ ಉಂಡರೆ ವರುಷಕ್ಕೆ 1,825 ಊಟಗಳು. 52 ಸಲ ಸರಿಯಾಗಿ ಮಾಡಿ ಉಳಿದ ಸಾವಿರದ ಏಳುನೂರಕ್ಕೂ ಮಿಕ್ಕ ಸಲ ತಪ್ಪಾಗಿ ಮಾಡಿದರೆ ಮಗು ಕಲಿಯುವುದು ಯಾವುದನ್ನು? ಮನೆಯ ಬಾಗಿಲಲ್ಲಿಯೇ ಚಿಕಿತ್ಸಾಲಯವಿರುವ ನಗರವಾಸಿಗೂ ಈ ಲೆಕ್ಕ ಅಷ್ಟೇ ಅನ್ವಯಿಸುತ್ತದೆ. ತಜ್ಞರು ದಾರಿ ತೋರಿಸಬಲ್ಲರು, ನಡೆಯಬೇಕಾದುದು ಮನೆಯಲ್ಲಿ.

ಆ ಮನೆಯ ಚಿಕಿತ್ಸೆಗೆ ಬೇಕಾದ ಉಪಕರಣಗಳು ಜವಳಗೇರಾದಲ್ಲಿಯೂ ದೊರೆಯುತ್ತವೆ. ಮೊದಲನೆಯದು ಆಸನ. ಮಲಗಿಸಿ ಉಣಿಸುವುದು, ತಲೆಯನ್ನು ಹಿಂದಕ್ಕೆ ಬಾಗಿಸಿ ಬಾಯಿಗೆ ಸುರಿಯುವುದು, ಕಾಲು ಚಾಚಿ ಅದರ ಮೇಲೆ ಅಂಗಾತ ಹಾಕಿಕೊಂಡು ಒಳಲೆಯಿಂದ ಹೊಯ್ಯುವುದು ನಮ್ಮ ಹಳೆಯ ಅಭ್ಯಾಸಗಳು. ಒಳಲೆಯಲ್ಲಿ ದೋಷವಿಲ್ಲ, ತಿಂಗಳು ತುಂಬದೆ ಹುಟ್ಟಿದ ಕೂಸುಗಳಿಗೆ ಅಂತಹುದೇ ಪಾತ್ರೆಯಿಂದ ಹಾಲು ಕೊಡುವುದನ್ನು ಆಸ್ಪತ್ರೆಗಳೂ ಒಪ್ಪಿಕೊಂಡಿವೆ. ಆದರೆ ಅಂಗಾತ ಮಲಗಿದ ಮಗುವಿನ ಗಂಟಲಿಗೆ ಸುರಿದ ಹಾಲಿಗೆ ಉಸಿರಿನ ದಾರಿ ತೀರ ಹತ್ತಿರ. ಆದುದರಿಂದ ಕೂರಿಸಬೇಕು. ಬೆನ್ನು ನೆಟ್ಟಗೆ, ಸೊಂಟ ಬಾಗಿ, ಮೊಣಕಾಲು ಬಾಗಿ, ಅಂಗಾಲಿಗೆ ಆಧಾರವಿದ್ದು, ತಲೆ ನಡುವಿನಲ್ಲಿ ನಿಂತು, ಗಲ್ಲ ಕೊಂಚ ಕೆಳಮುಖವಾಗಿರಬೇಕು. ಎರಡು ಗೋಡೆಗಳು ಕೂಡುವ ಮೂಲೆಯಲ್ಲಿ ಮಗುವನ್ನು ಕೂರಿಸಿ, ಮಡಿಸಿದ ಕೌದಿಯನ್ನು ಎರಡು ಪಕ್ಕಗಳಿಗೂ ಇಟ್ಟು, ಕಾಲ ಕೆಳಗೆ ಒಂದು ಮಣೆಯನ್ನು ಕೊಟ್ಟರೆ ಬೆಲೆಬಾಳುವ ಕುರ್ಚಿಯ ಕೆಲಸ ಬಹುಮಟ್ಟಿಗೆ ನಡೆಯುತ್ತದೆ.

ಎರಡನೆಯದು ಉಣಿಸುವವರ ಸ್ಥಾನ. ಅವರು ನಿಂತು ಮೇಲಿನಿಂದ ತುತ್ತು ಕೊಟ್ಟರೆ ಮಗು ಕತ್ತೆತ್ತಿ ನೋಡುತ್ತದೆ. ಕತ್ತೆತ್ತಿದೊಡನೆ ಗಂಟಲಿನ ದಾರಿ ನೇರವಾಗಿ ಅನ್ನವು ಜಾರುತ್ತದೆ. ಆದಕಾರಣ ಎದುರಿಗೆ, ಮಗುವಿನ ಕಣ್ಣಿನ ಸಮಕ್ಕೆ ಕುಳಿತುಕೊಳ್ಳಬೇಕು. ಇದರಿಂದ ಇನ್ನೊಂದು ಲಾಭವುಂಟು. ಎದುರು ಕುಳಿತವರಿಗೆ ಮಗುವಿನ ಮುಖ ಕಾಣುತ್ತದೆ. ಬಾಯಿಯಲ್ಲಿ ಇನ್ನೂ ತುತ್ತು ಇದೆಯೇ, ನುಂಗಿತೇ, ಸಾಕೆನ್ನುತ್ತಿದೆಯೇ ಎಂಬುದನ್ನು ಮುಖವೇ ಹೇಳುತ್ತದೆ.

ಮೂರನೆಯದು ಚಮಚ. ಆಳವಿಲ್ಲದ, ಚಿಕ್ಕ, ಕಚ್ಚಿದರೆ ಮುರಿಯದ ಚಮಚವಾಗಬೇಕು. ಅದರಲ್ಲಿ ಅರ್ಧದಷ್ಟೇ ಆಹಾರ. ಅದನ್ನು ನಾಲಗೆಯ ನಡುವಿನಲ್ಲಿ ಇಟ್ಟು ಮೆಲ್ಲಗೆ ಕೆಳಕ್ಕೆ ಒತ್ತಿ, ಮೇಲ್ತುಟಿ ಇಳಿದು ಆಹಾರವನ್ನು ಎತ್ತಿಕೊಳ್ಳುವವರೆಗೆ ಕಾಯಬೇಕು. ಮೇಲಿನ ಹಲ್ಲಿಗೆ ಕೆರೆದು ಸುರಿದು ಬಂದರೆ ತುಟಿಗೆ ಕೆಲಸವೇ ಇಲ್ಲ. ಕೆಲಸವಿಲ್ಲದ ತುಟಿ ಕಲಿಯುವುದಿಲ್ಲ. ಕೆಲವು ಮಕ್ಕಳು ಚಮಚವನ್ನು ಕಚ್ಚಿ ಹಿಡಿದು ಬಿಡಲಾರವು. ಅದು ಕೂಡ ಮೈಬಿಗಿತದ ಲಕ್ಷಣ. ಎಳೆಯಬಾರದು, ಸುಮ್ಮನೆ ಕಾದರೆ ಬಿಗಿತ ಸಡಿಲುತ್ತದೆ. ಒಂದು ತುತ್ತು ಪೂರ್ತಿ ಇಳಿದ ಮೇಲೆಯೇ ಇನ್ನೊಂದು.

ನಾಲ್ಕನೆಯದು ಆಹಾರದ ಹದ. ಇದರಲ್ಲಿ ಬಹಳ ಜನಕ್ಕೆ ತಿಳಿಯದ ಒಂದು ಮರ್ಮವಿದೆ. ನುಂಗಲು ಬಾರದ ಮಗುವಿಗೆ ನೀರಿನಂತಹ ಗಂಜಿ ಸುಲಭವೆಂದು ನಾವು ತಿಳಿಯುತ್ತೇವೆ. ಆದರೆ ನೀರು ಎಲ್ಲಕ್ಕಿಂತ ವೇಗವಾಗಿ ಹರಿಯುವ ವಸ್ತು. ನಿಧಾನವಾದ ಗಂಟಲು ಬಾಗಿಲು ಮುಚ್ಚುವುದರೊಳಗಾಗಿ ಅದು ಒಳನುಗ್ಗಿರುತ್ತದೆ. ಇಂತಹ ಮಕ್ಕಳಲ್ಲಿ ಹಲವರಿಗೆ ಚಮಚವನ್ನು ವಾಲಿಸಿದರೆ ಮೆಲ್ಲನೆ ಜಾರುವಂತಹ, ಗಂಟಿಲ್ಲದ ಗಟ್ಟಿಯಾದ ಹದವೇ ಕ್ಷೇಮ. ಮೆತ್ತಗೆ ಬೆಂದ ಅನ್ನಕ್ಕೆ ಹೆಸರುಬೇಳೆಯನ್ನು ಮಸೆದು ಕಲಸಬಹುದು. ಜೋಳದ ನುಚ್ಚನ್ನು ಚೆನ್ನಾಗಿ ಬೇಯಿಸಿ ಹಿಸುಕಬಹುದು. ಬಾಳೆಯ ಹಣ್ಣನ್ನು, ಬೇಯಿಸಿದ ಮೊಟ್ಟೆಯನ್ನು ಮಸೆದು ಕೊಡಬಹುದು. ರೊಟ್ಟಿಯನ್ನು ಹಾಲಿನಲ್ಲಿ ನೆನೆಸುವಾಗ ಹಾಲು ಬೇರೆ, ತುಣುಕು ಬೇರೆಯಾಗಿ ನಿಲ್ಲದಂತೆ ಪೂರ್ತಿ ಹಿಸುಕಬೇಕು. ಏಕೆಂದರೆ ತೆಳುವು ಗಟ್ಟಿ ಎರಡೂ ಒಂದೇ ತುತ್ತಿನಲ್ಲಿದ್ದರೆ ಅದು ಎಲ್ಲಕ್ಕಿಂತ ಕಷ್ಟದ ತುತ್ತು. ಇಡೀ ಶೇಂಗಾ ಕಾಳನ್ನು ಚಿಕ್ಕ ಮಕ್ಕಳ ಕೈಗೆ ಕೊಡಲೇಬಾರದು, ಅದು ಉಸಿರಿನ ಕೊಳವೆಗೆ ಸಿಕ್ಕಿಬೀಳುತ್ತದೆ; ಅದನ್ನೇ ಹುರಿದು ನುಣ್ಣಗೆ ಪುಡಿಮಾಡಿ ಅನ್ನಕ್ಕೆ ಬೆರೆಸಿದರೆ ಅಮೃತ. ಸ್ವಲ್ಪವೇ ಉಣ್ಣಬಲ್ಲ ಮಗುವಿಗೆ ಆ ಸ್ವಲ್ಪದಲ್ಲಿಯೇ ಸತ್ತ್ವವಿರಬೇಕು. ಒಂದು ಚಿಕ್ಕ ಚಮಚ ತುಪ್ಪದಿಂದ ಅಥವಾ ಎಣ್ಣೆಯಿಂದ ಸುಮಾರು 40 ಕ್ಯಾಲೊರಿ ಹೆಚ್ಚುತ್ತದೆ. ಅದನ್ನು ಅನ್ನಕ್ಕೆ ಬೆರೆಸಬೇಕೇ ಹೊರತು ಬರಿಯ ಎಣ್ಣೆ ತುಪ್ಪಗಳನ್ನು ಬಾಯಿಗೂ ಮೂಗಿಗೂ ಹೊಯ್ಯಬಾರದು. ಅದು ಪುಪ್ಪುಸಕ್ಕೆ ಇಳಿದು ಕಠಿಣವಾದ ನ್ಯುಮೋನಿಯವನ್ನು ತರುತ್ತದೆಂದು ನಮ್ಮ ವೈದ್ಯರು ಹಲವು ಸಲ ಕಂಡಿದ್ದಾರೆ.

ನುಂಗುವುದರಲ್ಲಿ ತೊಂದರೆಯಿಲ್ಲದೆ, ಬಲವಿಲ್ಲದುದರಿಂದ ಮಾತ್ರ ಕಡಮೆ ಉಣ್ಣುವ ಮಗುವಿಗೆ ನಮ್ಮ ಮೈಸೂರು ಒಂದು ಉಪಾಯವನ್ನು ಶಾಸ್ತ್ರೀಯವಾಗಿ ಸಿದ್ಧಪಡಿಸಿ ಕೊಟ್ಟಿದೆ. ಹಿಟ್ಟಿನ ಗಂಜಿ ಕುದಿದೊಡನೆ ಉಬ್ಬಿ ಗಟ್ಟಿಯಾಗುತ್ತದೆ. ತೆಳುವಾಗಲೆಂದು ನೀರು ಹೊಯ್ದರೆ ಹೊಟ್ಟೆ ತುಂಬುವುದು ನೀರಿನಿಂದ. 1950ರಲ್ಲಿ ಮೈಸೂರಿನಲ್ಲಿ ಆರಂಭವಾದ ಕೇಂದ್ರೀಯ ಆಹಾರ ಸಂಶೋಧನಾಲಯದಲ್ಲಿ ಮಲ್ಲೇಶಿ ಮತ್ತು ದೇಶಿಕಾಚಾರ್ ಎಂಬ ವಿಜ್ಞಾನಿಗಳು ಮೊಳಕೆ ಬರಿಸಿದ ರಾಗಿ ಮತ್ತು ಹೆಸರುಕಾಳಿನಿಂದ ಶಿಶುಗಳ ಆಹಾರವನ್ನು ರೂಪಿಸಿ 1982ರಲ್ಲಿ ಪ್ರಕಟಿಸಿದರು. ಮೊಳಕೆಯಲ್ಲಿ ಹುಟ್ಟುವ ಅಮೈಲೇಸ್ ಎಂಬ ಕಿಣ್ವವು ಪಿಷ್ಟವನ್ನು ಕತ್ತರಿಸುವುದರಿಂದ, ಹಿಟ್ಟು ಹೆಚ್ಚು ಹಾಕಿದರೂ ಗಂಜಿ ತೆಳುವಾಗಿಯೇ ಉಳಿಯುತ್ತದೆ. ಅಷ್ಟೇ ಬಟ್ಟಲಿನಲ್ಲಿ ಹೆಚ್ಚು ಸತ್ತ್ವ ಸೇರುತ್ತದೆ. ರಾಗಿಯನ್ನು ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಒಣಗಿಸಿ, ಮೊಳಕೆಯನ್ನು ಉಜ್ಜಿ ತೆಗೆದು, ಹದವಾಗಿ ಬೆಚ್ಚಗೆ ಮಾಡಿ ಬೀಸುವುದು ನಮ್ಮ ಅಜ್ಜಿಯರೂ ಬಲ್ಲ ಕೆಲಸ. ಜೋಳದ ಸೀಮೆಯವರಿಗೆ ಮಾತ್ರ ಒಂದು ಎಚ್ಚರಿಕೆ: ಜೋಳದ ಮೊಳಕೆಯಲ್ಲಿ ಸಯನೈಡಿನ ವರ್ಗದ ವಿಷಾಂಶ ಹುಟ್ಟುವುದರಿಂದ ಈ ಕೆಲಸಕ್ಕೆ ರಾಗಿಯೇ ಮೇಲು. ಮತ್ತು ಕೆಮ್ಮುವ ಮಗುವಿಗೆ ಈ ತೆಳುವಾದ ಗಂಜಿ ಸಲ್ಲದು. ಅದಕ್ಕೆ ಹಿಂದೆ ಹೇಳಿದ ಗಟ್ಟಿಯ ಹದವೇ ತಕ್ಕದ್ದು.

ಐದನೆಯದು, ಎಲ್ಲಕ್ಕಿಂತ ಕಷ್ಟವಾದುದು, ಬಲಾತ್ಕಾರವನ್ನು ಬಿಡುವುದು. ಕ್ಲಾರಾ ಡೇವಿಸ್ ಎಂಬ ಅಮೆರಿಕದ ವೈದ್ಯೆಯು 1920ರ ದಶಕದಲ್ಲಿ ಆರಂಭಿಸಿ 1939ರಲ್ಲಿ ಫಲವನ್ನು ವರದಿ ಮಾಡಿದ ಪ್ರಯೋಗವೊಂದು ಪ್ರಸಿದ್ಧವಾಗಿದೆ. ಆಗ ತಾನೇ ಮೊಲೆಬಿಟ್ಟ 15 ಶಿಶುಗಳ ಮುಂದೆ 30ಕ್ಕೂ ಮಿಕ್ಕ ಬಗೆಯ ಸಾದಾ ಆಹಾರಗಳಿಂದ ಆರಿಸಿದ ಬಟ್ಟಲುಗಳನ್ನಿಟ್ಟು, ದಾದಿಯು ಚಮಚ ಹಿಡಿದು ಸುಮ್ಮನೆ ಕುಳಿತಿರುತ್ತಿದ್ದಳು. ಮಗು ಕೈ ತೋರಿಸಿದರೆ ಮಾತ್ರ ಕೊಡುತ್ತಿದ್ದಳು. ಯಾವ ಎರಡು ಮಕ್ಕಳೂ ಒಂದೇ ರೀತಿ ಉಣ್ಣಲಿಲ್ಲ. ಎಲ್ಲವೂ ಚೆನ್ನಾಗಿ ಬೆಳೆದುವು. ಇದರ ಗುಟ್ಟು ಆಹಾರದ ಪಟ್ಟಿಯಲ್ಲಿದೆಯೆಂದು ಆ ವೈದ್ಯೆಯೇ ಹೇಳಿದಳು; ಬಟ್ಟಲುಗಳಲ್ಲಿ ಇದ್ದುದೆಲ್ಲ ಒಳ್ಳೆಯ ಆಹಾರವೇ, ಸಿಹಿತಿಂಡಿಯಾಗಲಿ ಸಕ್ಕರೆಯಾಗಲಿ ಇರಲಿಲ್ಲ. ಈ ತತ್ತ್ವವನ್ನೇ ಎಲಿನ್ ಸ್ಯಾಟರ್ ಎಂಬ ಆಹಾರತಜ್ಞೆಯು 1980ರ ದಶಕದಲ್ಲಿ ಒಂದು ಹಂಚಿಕೆಯನ್ನಾಗಿ ಮಾಡಿದಳು: ಏನು, ಯಾವಾಗ, ಎಲ್ಲಿ ಎಂಬುದು ಹಿರಿಯರ ಅಧಿಕಾರ, ಉಣ್ಣುವುದೋ ಬಿಡುವುದೋ, ಎಷ್ಟು ಉಣ್ಣುವುದು ಎಂಬುದು ಮಗುವಿನ ಅಧಿಕಾರ. ನಾವು ಇದನ್ನು ತಲೆಕೆಳಗು ಮಾಡಿದ್ದೇವೆ. ಏನನ್ನು, ಯಾವಾಗ ಎಂಬುದನ್ನು ಮಗುವಿಗೆ ಬಿಟ್ಟು ದಿನವೆಲ್ಲ ಬಿಸ್ಕತ್ತು, ಸಿಹಿ ಚಹ, ಕುರುಕಲು ಪೊಟ್ಟಣಗಳನ್ನು ಕೊಡುತ್ತೇವೆ. ಊಟದ ಹೊತ್ತಿಗೆ ಹಸಿವಿಲ್ಲದ ಬಾಯಿಗೆ 'ಎಷ್ಟು' ಎಂಬುದನ್ನು ನಾವು ತುರುಕುತ್ತೇವೆ. ಊಟಕ್ಕೂ ಊಟಕ್ಕೂ ಎರಡೂವರೆ ಮೂರು ಗಂಟೆಯ ಅಂತರವಿರಲಿ. ನಡುವೆ ನೀರಿನ ಹೊರತು ಬೇರೇನೂ ಬೇಡ. ಊಟ ಅರ್ಧ ಗಂಟೆಯನ್ನು ಮೀರದಿರಲಿ. ಅಷ್ಟಕ್ಕೆ ತಟ್ಟೆಯನ್ನು ಕೋಪವಿಲ್ಲದೆ ಎತ್ತಿಬಿಡಬೇಕು. ಆದರೆ ಕೂಡಲೇ ಹೇಳಬೇಕು, ಅಶಕ್ತವಾದ ಅಥವಾ ಸೊರಗಿದ ಮಗುವನ್ನು 'ಹಸಿದರೆ ತಾನೇ ಉಣ್ಣುತ್ತದೆ' ಎಂದು ಬಿಟ್ಟುಬಿಡುವುದು ಅಪಾಯ. ಹಂಚಿಕೆಯ ಮಾತು ಒಲ್ಲದ ಮಗುವಿಗೆ. ಆರದ ಮಗುವಿಗೆ ಆಸರೆಯೂ ಬೇಕು.

ಇನ್ನು ಕೆಲವು ಮಕ್ಕಳಿಗೆ ನಾಲಗೆ ದವಡೆಗಳು ಸರಿಯಾಗಿದ್ದೂ ಆಹಾರದ ಸ್ಪರ್ಶ, ವಾಸನೆ, ಬಣ್ಣಗಳೇ ಅಸಹ್ಯವಾಗಿರುತ್ತವೆ. ಆಟಿಸಂ ಎಂಬ ಸ್ಥಿತಿಯಲ್ಲಿರುವ ಮಕ್ಕಳಲ್ಲಿ ಇದು ಬಹಳ. ಬಿಳಿಯ ಅನ್ನ, ಒಂದು ಬಗೆಯ ಬಿಸ್ಕತ್ತು, ಇಷ್ಟರಲ್ಲಿಯೇ ಅವುಗಳ ಲೋಕ ಮುಗಿಯುತ್ತದೆ. ಇಂತಹ ಮಗುವಿಗೆ ತುತ್ತು ಕೊನೆಯ ಮೆಟ್ಟಲು. ಅದಕ್ಕೆ ಮುಂಚೆ ಆಹಾರವನ್ನು ನೋಡುವುದು, ಮುಟ್ಟುವುದು, ಮೂಸುವುದು, ತುಟಿಗೆ ಸೋಕಿಸುವುದು, ನೆಕ್ಕುವುದು, ಕಚ್ಚಿ ಉಗುಳುವುದು ಎಂಬ ಮೆಟ್ಟಲುಗಳಿವೆ. ಒಂದೊಂದರಲ್ಲಿಯೂ ವಾರಗಳು ಕಳೆಯಬಹುದು. ಸಾಮಾನ್ಯ ಮಕ್ಕಳಿಗೇ ಹೊಸ ರುಚಿ ಒಗ್ಗಲು ಎಂಟು ಹತ್ತು ಸಲ, ಅದಕ್ಕೂ ಹೆಚ್ಚು ಸಲ, ಕಾಣಿಸಬೇಕಾಗುತ್ತದೆ. ನಾವು ಎರಡು ಮೂರು ಸಲಕ್ಕೆ 'ಇದು ಇವನಿಗೆ ಸೇರದು' ಎಂದು ತೀರ್ಪು ಕೊಟ್ಟುಬಿಡುತ್ತೇವೆ. ಜವಳಗೇರಾದ ಅಜ್ಜಿಯು ಇಲ್ಲಿ ನಗರದ ತಾಯಿಗೆ ಗುರುವಾಗಬಲ್ಲಳು. ಆಕೆ ರೊಟ್ಟಿ ಬಡಿಯುವಾಗ ಪಕ್ಕದಲ್ಲಿ ಕುಳಿತ ಮಗುವಿನ ಕೈಗೂ ಒಂದು ಹಿಟ್ಟಿನ ಉಂಡೆ ಬರುತ್ತದೆ. ಮಗು ಅದನ್ನು ಹಿಸುಕುತ್ತದೆ, ಬಡಿಯುತ್ತದೆ, ಮೂಸುತ್ತದೆ. ಅದರ ಪುಟ್ಟ ರೊಟ್ಟಿಯೂ ಹಂಚಿನ ಮೇಲೆ ಬೇಯುತ್ತದೆ. ಯಾರೂ 'ತಿನ್ನು' ಎನ್ನುವುದಿಲ್ಲ. ತಜ್ಞರು ತಮ್ಮ ಕೋಣೆಯಲ್ಲಿ ಆಟಿಕೆಗಳನ್ನು ಹರಡಿ ಮಾಡಿಸುವ ಅಭ್ಯಾಸದ ಬಹುಭಾಗ ಅಡಿಗೆಮನೆಯ ಆ ಒಲೆಯ ಮುಂದೆ ಆಗಿಹೋಗುತ್ತದೆ.

ಇಷ್ಟೆಲ್ಲವನ್ನೂ ಹೇಳಿ, ಮನೆಯ ಚಿಕಿತ್ಸೆಯ ಎಲ್ಲೆಯನ್ನು ಹೇಳದಿದ್ದರೆ ನಾವು ತಪ್ಪು ಮಾಡಿದಂತಾಗುತ್ತದೆ. ಪ್ರತಿ ಊಟದಲ್ಲಿಯೂ ಕೆಮ್ಮು, ಉಂಡ ಮೇಲೆ ಗೊರಗೊರ ದನಿ, ತುಟಿ ನೀಲಿಯಾಗುವುದು, ಮೇಲಿಂದ ಮೇಲೆ ಎದೆಯ ಕಫ ಜ್ವರ, ಮೊಲೆಯುಣ್ಣುವಾಗ ಬೆವರಿ ಏದುವುದು, ತೂಕ ಇಳಿಯುವುದು, ಇವುಗಳಲ್ಲಿ ಯಾವುದನ್ನು ಕಂಡರೂ ಮೊದಲು ವೈದ್ಯರ ಬಳಿಗೆ ಹೋಗತಕ್ಕದ್ದು. ಕೆಮ್ಮೇ ಬಾರದೆ ಸದ್ದಿಲ್ಲದೆ ಆಹಾರವು ಪುಪ್ಪುಸಕ್ಕೆ ಇಳಿಯುವುದೂ ಉಂಟು. ಆದುದರಿಂದ ಪದೇಪದೇ ನ್ಯುಮೋನಿಯ ಬಂದ ಮಗುವಿನ ನುಂಗುವಿಕೆಯನ್ನು ಪರೀಕ್ಷಿಸಲೇಬೇಕು. ಸೀಳಂಗುಳ, ಹೃದಯದ ದೋಷ, ರಕ್ತಹೀನತೆ, ಮಲಬದ್ಧತೆ, ಹುಳುಕುಹಲ್ಲು, ಕ್ಷಯ ಇವು ಯಾವುವೂ ಚಮಚದಿಂದ ಗುಣವಾಗುವುವಲ್ಲ. ಆರು ತಿಂಗಳು ತುಂಬಿದ, ಐದು ವರುಷದೊಳಗಿನ ಮಗುವಿನ ರಟ್ಟೆಯ ಸುತ್ತಳತೆ 11.5 ಸೆಂಟಿಮೀಟರಿಗಿಂತ ಕಡಮೆಯಿದ್ದರೆ ಅದು ತೀವ್ರವಾದ ಅಪೌಷ್ಟಿಕತೆ. ಅಲ್ಲಿ ಒಂದು ದಿನವನ್ನೂ ಕಳೆಯಬಾರದು. ಕೆಲವು ಮಕ್ಕಳಿಗೆ ಕೊಳವೆಯ ಮೂಲಕ ಆಹಾರ ಕೊಡಬೇಕಾಗಬಹುದು. ಅದನ್ನು ಸೋಲೆಂದು ತಿಳಿಯಬಾರದು. ಮಗು ಬದುಕಿ ಬಲಿಯುವುದಕ್ಕೆ ಅದೊಂದು ಊರುಗೋಲು.

ನೆರವಿನ ಸ್ಥಾನಗಳೂ ನಮ್ಮಲ್ಲಿ ಇಲ್ಲದಿಲ್ಲ. 1975ರ ಅಕ್ಟೋಬರಿನಲ್ಲಿ ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರದಿಂದ ನಮ್ಮ ರಾಜ್ಯದಲ್ಲಿ ಆರಂಭವಾದ ಅಂಗನವಾಡಿಗಳು ಊರೂರಿಗೂ ಹರಡಿವೆ; ತೂಕ ಅಳೆಯುವ ತಕ್ಕಡಿ ಅಲ್ಲಿದೆ. 2013ರಲ್ಲಿ ಪ್ರಾರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಂತೆ ವೈದ್ಯರ ತಂಡವು ವರುಷಕ್ಕೆರಡು ಸಲ ಅಂಗನವಾಡಿಗೇ ಬಂದು ಮಕ್ಕಳನ್ನು ನೋಡಬೇಕಾಗಿದೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿ 1960ರ ದಶಕದಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯಲ್ಲಿ ನುಂಗುವಿಕೆಯ ತೊಂದರೆಗಳನ್ನೂ ಪರೀಕ್ಷಿಸುತ್ತಾರೆ. ಮಾತನಾಡುವ ನಾಲಗೆಯೇ ಉಣ್ಣುವ ನಾಲಗೆಯೂ ಆದುದರಿಂದ ಮಾತಿನ ತಜ್ಞರೇ ಇದಕ್ಕೂ ತಜ್ಞರು.

ಮನೆಯವರಿಗೆ ಕಲಿಸಿದರೆ ನಿಜವಾಗಿಯೂ ಫಲ ದೊರೆಯುವುದೇ ಎಂದು ಕೇಳುವವರಿರಬಹುದು. ನಮ್ಮಂತಹುದೇ ಬಡತನದ ನಡುವೆ ಢಾಕಾ ನಗರದಲ್ಲಿ, ಸೆರೆಬ್ರಲ್ ಪಾಲ್ಸಿಯುಳ್ಳ ಮಕ್ಕಳನ್ನು ಸಾಕುವವರಿಗೆ ಕಡಮೆ ಖರ್ಚಿನ ತರಬೇತಿ ಕೊಟ್ಟು ನೋಡಿದ ವರದಿಯೊಂದು 2012ರಲ್ಲಿ ಪ್ರಕಟವಾಗಿದೆ. ಕಲಿಸಿದುದು ಆಸನ, ಚಮಚ, ಹದ, ತಾಳ್ಮೆ ಇವುಗಳನ್ನೇ. ಮಕ್ಕಳ ಉಸಿರಾಟದ ತೊಂದರೆಗಳು ಕಡಮೆಯಾದುವು. ಊಟದ ಹೊತ್ತಿನಲ್ಲಿ ಮಕ್ಕಳು ಹೆಚ್ಚು ಸಹಕರಿಸಿದುವು. ಉಣಿಸುವವರ ಮನಸ್ಸಿನ ಭಾರ ಇಳಿಯಿತು. ತೂಕ ಮಾತ್ರ ಎಲ್ಲರಲ್ಲಿಯೂ ಅಷ್ಟಾಗಿ ಏರಲಿಲ್ಲ. ಈ ಕೊನೆಯ ಮಾತನ್ನು ಮರೆಮಾಡಬಾರದು. ಬಡವರ ತಟ್ಟೆಯಲ್ಲಿ ಏನಿದೆಯೆಂಬ ಪ್ರಶ್ನೆಗೆ ಚಮಚ ಹಿಡಿಯುವ ಜಾಣತನವು ಉತ್ತರವಾಗಲಾರದು. ಆದರೂ ಉಸಿರು ಕಟ್ಟದೆ, ಅಳದೆ ಉಣ್ಣುವ ಮಗು, ಅಳದೆ ಉಣಿಸುವ ತಾಯಿ, ಇಷ್ಟೇ ದೊರೆತರೂ ಆ ಮನೆಗೆ ಅದು ಸಣ್ಣ ಲಾಭವಲ್ಲ.

ಕೊನೆಯದಾಗಿ ಒಂದು ಮಾತು. ಮನೆಯ ಚಿಕಿತ್ಸೆ ಎಂದೊಡನೆ ನಾವು ತಾಯಿಯ ಚಿಕಿತ್ಸೆ ಎಂದು ಭಾವಿಸಿ ಎಲ್ಲವನ್ನೂ ಅವಳ ತಲೆಯ ಮೇಲೆ ಹೊರಿಸುತ್ತೇವೆ. ಅರ್ಧ ಗಂಟೆಯಂತೆ ಐದು ಊಟವೆಂದರೆ ದಿನಕ್ಕೆ ಎರಡೂವರೆ ಗಂಟೆ. ಗದ್ದೆಯಲ್ಲಿ ಬೆನ್ನು ಬಗ್ಗಿಸಿ ಬಂದವಳಿಗೂ, ಕಚೇರಿಯಿಂದ ದಣಿದು ಬಂದವಳಿಗೂ, ಅಡಿಗೆ, ಮುಸುರೆ, ಬಟ್ಟೆಗಳ ಮೇಲೆ ಇದೊಂದು ಹೊಸ ಕೆಲಸ. ಒಬ್ಬಳಿಂದಲೇ ಇದು ಆರು ತಿಂಗಳು ನಡೆಯಲಾರದು. ಆದಕಾರಣ ಜವಳಗೇರಾದ ಆ ಮನೆಯಲ್ಲಿ ಕಲಿಯಬೇಕಾದವರು ಉಣಿಸುವ ಕೈಯಾದ ಅಜ್ಜಿ. ಅವಳ ಜೊತೆಗೆ ತಂದೆ. ಬೆಳೆದ ಅಕ್ಕ ಅಣ್ಣಂದಿರು. ನಗರದ ಮನೆಗಳಲ್ಲಿಯೂ ಹಾಗೆಯೇ. ಈ ಭಾಷಣವನ್ನು ಕೇಳುತ್ತಿರುವ ತಂದೆಯರು ನಾಳೆಯ ಐದು ಊಟಗಳಲ್ಲಿ ಒಂದನ್ನಾದರೂ ತಮ್ಮ ಕೈಯಿಂದ, ಮಗುವಿನ ಕಣ್ಣಿನ ಸಮಕ್ಕೆ ಕುಳಿತು, ಫೋನನ್ನು ಬೇರೆ ಕೋಣೆಯಲ್ಲಿಟ್ಟು, ಉಣಿಸಿ ನೋಡಲಿ. ಆ ಅರ್ಧ ಗಂಟೆ ಮುಗಿಯುವುದರೊಳಗಾಗಿ, ತಮ್ಮ ಮಗು ಇಷ್ಟು ದಿನ ಹೇಳುತ್ತಿದ್ದುದು 'ಒಲ್ಲೆನು' ಎಂದೋ 'ಆರೆನು' ಎಂದೋ ಅವರಿಗೂ ಸ್ವಲ್ಪ ಸ್ವಲ್ಪವಾಗಿ ಕೇಳಿಸತೊಡಗುವುದು.